ಸದ್ಯಕ್ಕೆ ಬೇಡ

ಕಂಪ್ಯೂಟರಿನ ಹೊಸ ಪರದೆ ಸೋಮವಾರ ಬಂತು. ಅಗಲವಾದ ಸ್ಲೇಟಿನ ಹಾಗಿತ್ತು. ಅದರ ಮೇಲೇ ಪೆನ್ನಿನಿಂದ ಬರೆಯಬಹುದು. ಆಶಿಷ ಕತ್ತರಿ ಮುಟ್ಟದೆ ಉಗುರಿನಿಂದ ಟೇಪು ಕಿತ್ತು, ಥರ್ಮಕೋಲು ಮುರಿಯದ ಹಾಗೆ ಅದನ್ನು ಹೊರಗೆ ತೆಗೆದರು. ನಿತೇಶ ಪೆನ್ನು ಕೈಗೆ ಸಿಕ್ಕಿದ್ದೇ ಅವರ ಮುಖ ಬರೆದು ಅದಕ್ಕೊಂದು ಮೀಸೆ ಇಟ್ಟ.

"ಬಾಸ್, ಮೀಸೆ ಒಪ್ತದೆ ನಿಮ್ಗೆ."

"ಅಳಿಸು ಮಾರಾಯ, ಗಿರಾಕಿ ಬರೂ ಹೊತ್ತು."

ನಾನೂ ನಕ್ಕೆ. ಆದರೆ ಡಬ್ಬಿಯೊಳಗೆ ಒಂದೇ ಪೆನ್ನು ಇದ್ದದ್ದನ್ನೂ, ಆಶಿಷ ಅದನ್ನು ನನ್ನ, ನಿತೇಶನ ಮೇಜುಗಳ ನಡುವೆ ಎಲ್ಲಿ ಇಡಬೇಕೆಂದು ತುಸು ಹೊತ್ತು ನೋಡಿದ್ದನ್ನೂ ಗಮನಿಸಿದೆ.

ಕಾರವಾರದ ಹಬ್ಬುವಾಡದ ಈ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷದಿಂದ ಇದ್ದೇನೆ. ಆಶಿಷರ ತಂದೆಯ ಕಾಲದಿಂದ. ಮದುವೆ ಕಾರ್ಡು, ಬೋಟಿನ ಪೂಜೆಯ ಫ್ಲೆಕ್ಸು, ಹೋಮ್‌ಸ್ಟೇಗಳ ವೆಬ್‌ಸೈಟು ಎಲ್ಲ ಮಾಡುತ್ತೇವೆ. ನಿತೇಶ ಕೋಡಿಬಾಗದವನು, ಬಂದು ನಾಲ್ಕು ವರ್ಷ. ನಾನು ಅಂಕೋಲೆಯಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ.

ಪರದೆಯ ಜೊತೆಗೆ ಹೊಸ ಸಾಫ್ಟ್‌ವೇರೂ ಬಂದಿತ್ತು. ಅದು ನಮ್ಮ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಇಂಟರ್ನೆಟ್ಟಿನಲ್ಲೇ ಇರುತ್ತದೆ. ಹಳೆಯ ಫೈಲುಗಳನ್ನು ಅದಕ್ಕೆ ಕೊಟ್ಟರೆ ಓದಿಕೊಂಡು, ಅದೇ ಧಾಟಿಯಲ್ಲಿ ಹೊಸದನ್ನು ಮಾಡಿಕೊಡುತ್ತದೆ. ಮದುವೆಯ ಕಾರ್ಡು ತೋರಿಸಿದರೆ ಫೋನಿನಲ್ಲಿ ಕಳಿಸುವ ಆಮಂತ್ರಣದ ಪುಟ ತಯಾರು. ಹಿನ್ನೆಲೆಯಲ್ಲಿ ವಾದ್ಯ, ತೆರೆದುಕೊಳ್ಳುವ ಅಂತರಪಟ, ಮನೆಗೆ ದಾರಿ ತೋರಿಸುವ ನಕ್ಷೆ, ಎಲ್ಲವೂ.

ಬುಧವಾರ ಆಶಿಷ ನಮ್ಮಿಬ್ಬರನ್ನೂ ಕರೆದರು. ಮಾತಾಡುವಾಗ ರಸ್ತೆಯ ಕಡೆಗೇ ನೋಡುತ್ತಿದ್ದರು.

"ನೋಡಿ, ನಾ ಮುಚ್ಚಿಡೂದಿಲ್ಲ. ಈ ತಿಂಗ್ಳು ಮುಗದ ಮೇಲೆ ಇಬ್ರನ್ನ ಇಟ್ಕೊಳ್ಳೂಕೆ ಆಗೂದಿಲ್ಲ. ಯಾರನ್ನ ಇಟ್ಕೊಳ್ಳೂದು ಹೇಳಿ ಇನ್ನೂ ನಕ್ಕಿ ಮಾಡ್ಲಿಲ್ಲ. ಕೆಲ್ಸ ನೋಡಿ ಮಾಡ್ತೆ."

ನಿತೇಶ ತನ್ನ ಚಪ್ಪಲಿ ನೋಡಿದ. ನಾನು ಆಶಿಷರ ಮುಖ ನೋಡಿದೆ. ಅವರು ಸುಳ್ಳು ಹೇಳುವವರಲ್ಲ, ಅದೇ ಭಯ. ನನ್ನ ಗಂಡ ರೋಷನ ಪರ್ಸೀನ್ ಬೋಟಿನಲ್ಲಿ ಮೀನು ಹಿಡಿಯಲು ಹೋಗುತ್ತಾರೆ. ಈ ವರ್ಷ ಬೋಟು ಕಡಲಿಗೆ ಇಳಿದ ದಿನಗಳಿಗಿಂತ ಬೈತಖೋಲ ಬಂದರಿನಲ್ಲಿ ಕಟ್ಟಿ ನಿಂತ ದಿನಗಳೇ ಹೆಚ್ಚು. ಮಗಳು ಸುಮಿತಾ ಎರಡನೇ ಪಿಯುಸಿ. ತಿಂಗಳು ತಪ್ಪದೆ ಮನೆಗೆ ಬರುವುದು ನನ್ನ ಸಂಬಳ ಒಂದೇ.

"ವಿನುತಕ್ಕ, ನಿಮ್ಮ ಫೈಲು ಚೊಕ್ಕ ಇರ್ತದೆ. ಹಳೇದನ್ನೆಲ್ಲ ಹೊಸದ್ರೊಳಗೆ ಹಾಕೂ ಕೆಲ್ಸ ನೀವೇ ಮಾಡಿ," ಎಂದರು ಆಶಿಷ.

ಹೊಗಳಿಕೆ ಎಂದುಕೊಂಡೆ. ಎರಡು ದಿನ ಬೇಕಾಯಿತು ಅದು ಏನೆಂದು ಗೊತ್ತಾಗಲು.

ನಾವು ಒಂದು ಕಾರ್ಡು ಮಾಡುವುದು ಹಾಳೆಯ ಮೇಲೆ ಹಾಳೆ ಇಟ್ಟ ಹಾಗೆ. ಅಂಚಿನ ಬಳ್ಳಿ ಒಂದರಲ್ಲಿ, ದೇವರ ಚಿತ್ರ ಒಂದರಲ್ಲಿ, ಹೆಸರುಗಳು ಇನ್ನೊಂದರಲ್ಲಿ. ಲೇಯರ್ ಅನ್ನುತ್ತಾರೆ. ನಾನು ಪ್ರತಿಯೊಂದು ಲೇಯರಿಗೂ ಹೆಸರು ಬರೆಯುತ್ತೇನೆ: ಅಂಚು, ಮುಹೂರ್ತ, ವರನ ಕಡೆ, ವಧುವಿನ ಕಡೆ. ನಾಳೆ ನಾನು ಜ್ವರ ಬಂದು ಮಲಗಿದರೂ ಬೇರೆಯವರಿಗೆ ತಿಳಿಯಬೇಕು ಎಂದು. ನಿತೇಶನ ಫೈಲಿನಲ್ಲಿ ಎಪ್ಪತ್ತು ಲೇಯರ್ ಇದ್ದರೆ ಎಪ್ಪತ್ತಕ್ಕೂ ಬರೀ ನಂಬರು. ಹೊಸ ಸಾಫ್ಟ್‌ವೇರು ನನ್ನ ಫೈಲನ್ನು ಗಟಗಟ ಕುಡಿಯಿತು. ನಿತೇಶನದನ್ನು ಕೊಟ್ಟಾಗ ಸುಮ್ಮನೆ ಚಕ್ರ ತಿರುಗಿಸುತ್ತ ಕೂತಿತು.

"ನನ್ನ ಫೈಲು ನಂಗೇ ಅರ್ಥ ಆಗೂದಿಲ್ಲ, ಅದ್ಕೆ ಹೆಂಗೆ ಆಗ್ಬೇಕು?" ಎಂದು ನಿತೇಶ ನಕ್ಕ. ಆಮೇಲೆ ಆಶಿಷ ಬ್ಯಾಂಕಿಗೆ ಹೋದಾಗ ಕುರ್ಚಿ ಎಳೆದು ನನ್ನ ಹತ್ತಿರ ಬಂದ. "ಅಕ್ಕ, ಒಂದು ಮಾತು. ಎಲ್ಲ ಲೇಯರ್ ಕೂಡಿಸಿ ಒಂದೇ ಮಾಡಿ ಕೊಡು. ಹೆಸರು ತೆಗ್ದು ಹಾಕು. ನೀ ಹಿಂಗೆ ಬಡಿಸ್ತಾ ಹೋದ್ರೆ ಅದು ನಿನ್ನನ್ನೇ ಉಂಡು ಮುಗಸ್ತದೆ."

"ನಿಂಗೆ ಒಳ್ಳೇದೇ ಆಯ್ತಲ್ಲ."

"ಒಳ್ಳೇದೇ. ಆದ್ರೂ ಹೇಳ್ತೆ."

ಅವನ ಫೈಲು ತೆರೆಯಲು ಅವನೇ ಬೇಕು. ನನ್ನ ಫೈಲು ತೆರೆಯಲು ಇನ್ನು ನಾನು ಬೇಡ. ಇದು ಅರ್ಥವಾದ ಮೇಲೂ ನಾನು ಲೇಯರುಗಳನ್ನು ಕೂಡಿಸಲಿಲ್ಲ. ಒಳ್ಳೆಯತನ ಅಲ್ಲ. ಚೊಕ್ಕವಾಗಿ ಇದ್ದದ್ದನ್ನು ಕೈಯಾರೆ ಕಲಸಲು ಮನಸ್ಸು ಬರಲಿಲ್ಲ, ಅಷ್ಟೇ. ದಿನಕ್ಕೆ ನಲವತ್ತು ಫೈಲು. ಸಂಜೆ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಬಳ್ಳಿಗಳೇ ಕಾಣುತ್ತಿದ್ದವು. ಎರಡನೇ ವಾರದ ಹೊತ್ತಿಗೆ ಆ ಸಾಫ್ಟ್‌ವೇರು ನಾನು ಬಿಡುವಷ್ಟೇ ಅಂಚು ಬಿಡಲು, ನಾನು ಇಡುವ ಮೂಲೆಯಲ್ಲೇ ಚಿಪ್ಪಿನ ಚಿತ್ರ ಇಡಲು ಕಲಿತಿತ್ತು. ನನಗೆ ಅರ್ಧ ದಿನ ಹಿಡಿಯುವ ಕೆಲಸ ಅದಕ್ಕೆ ಚಾ ಕುಡಿಯುವಷ್ಟು ಹೊತ್ತು.

ನನ್ನ ಫೈಲುಗಳಲ್ಲಿ ಇನ್ನೊಂದು ಲೇಯರ್ ಇರುತ್ತದೆ. ಅದರ ಹೆಸರು 'ಸದ್ಯಕ್ಕೆ ಬೇಡ'.

ನಮ್ಮ ಕರಾವಳಿಯ ಮದುವೆ ಕಾರ್ಡಿನಲ್ಲಿ ತಂದೆತಾಯಿಯ ಹೆಸರು ಮುಗಿದ ಮೇಲೆ 'ತಮ್ಮ ಆಗಮನಾಭಿಲಾಷಿಗಳು' ಎಂದು ಒಂದು ಪಟ್ಟಿ ಇಳಿಯುತ್ತದೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಸೋದರತ್ತೆ, ಬಾವಂದಿರು. ಮೊದಲ ಪ್ರೂಫಿನಲ್ಲಿ ಎಲ್ಲರೂ ಇರುತ್ತಾರೆ. ಎರಡನೆಯದಕ್ಕೆ ಬರುವಾಗ ಮನೆಯ ಯಜಮಾನರು ಒಬ್ಬರೇ ಬಂದು, ಆಚೀಚೆ ನೋಡಿ, ಸಣ್ಣ ದನಿಯಲ್ಲಿ "ಆ ಹೆಸ್ರು ಒಂದು ತೆಗೀರಿ" ಎನ್ನುತ್ತಾರೆ. ಬಲೆಯ ಪಾಲು, ತೆಂಗಿನ ಮರ, ಎಂದೋ ಆಡಿದ ಮಾತು. ನಾನು ಕೇಳುವುದಿಲ್ಲ. ಮೂರು ದಿನ ಬಿಟ್ಟು ಫೋನು ಬರುತ್ತದೆ: "ಆ ಹೆಸ್ರು ಇತ್ತಲ್ಲ, ಇರ್ಲಿ ಬಿಡಿ."

ಹೊಸದಾಗಿ ಸೇರಿದಾಗ ನಾನು ತೆಗೆದೇ ಬಿಡುತ್ತಿದ್ದೆ. ಒಮ್ಮೆ ಮತ್ತೆ ಸೇರಿಸುವಾಗ ದೊಡ್ಡಪ್ಪನನ್ನು ಚಿಕ್ಕಪ್ಪನ ಕೆಳಗೆ ಬರೆದುಬಿಟ್ಟೆ. ರಾಜಿಯಾಗಿದ್ದ ಮನೆ ಮತ್ತೆ ಒಡೆಯಿತು. ಆಗಿನಿಂದ ತೆಗೆಯುವುದಿಲ್ಲ. ಆ ಸಾಲನ್ನು ಬೇರೆ ಲೇಯರಿಗೆ ಸರಿಸಿ, ಪಕ್ಕದಲ್ಲಿರುವ ಕಣ್ಣಿನ ಗುರುತನ್ನು ಒತ್ತುತ್ತೇನೆ. ಹೆಸರು ಕಾಣುವುದಿಲ್ಲ, ಆದರೆ ತನ್ನ ಜಾಗದಲ್ಲೇ ಇರುತ್ತದೆ.

ಮಂಜಗುಣಿಯ ತುಳಸಿದಾಸರು ಹಾಗೆ ತೆಗೆಸಿದ ಹೆಸರು ಅವರ ತಂಗಿಯದು. ಗೋದಾವರಿ, ಕೇಣಿಗೆ ಮದುವೆ ಮಾಡಿಕೊಟ್ಟವಳು. ಕಾರ್ಡು ತುಳಸಿದಾಸರ ಮಗಳು ನಂದಿನಿಯ ಮದುವೆಯದು. ಬೋಟಿನವರು, ನಾಲ್ಕು ಜನಕ್ಕೆ ಬೇಕಾದವರು. ತಾಯಿ ಇದ್ದಷ್ಟು ಕಾಲ ಗೋದಾವರಿ ತವರಿನ ಹಿಂದಿನ ದಿಣ್ಣೆಯಲ್ಲಿ ತಾಯಿಯ ಜೊತೆ ಮೀನು ಒಣಗಿಸುತ್ತಿದ್ದಳಂತೆ. ತಾಯಿ ತೀರಿಕೊಂಡ ಮೇಲೆ ತುಳಸಿದಾಸರು ಅಲ್ಲಿ ಬಲೆ ಇಡಲು ತಗಡಿನ ಶೆಡ್ಡು ಹಾಕಿದರು; ಅಂದಿನಿಂದ ಅಣ್ಣತಂಗಿಗೆ ಮಾತಿಲ್ಲ. ಇಷ್ಟು ನನಗೆ ತಿಳಿದದ್ದು ನಮ್ಮ ಕೇರಿಯ ಕಮಲಿಯಿಂದ. ಕಾರ್ಡು ಆ ಹೆಸರಿಲ್ಲದೆ ಅಚ್ಚಾಯಿತು, ಅರ್ಧ ಹಂಚಿಯೂ ಆಯಿತು. ಈ ಸಲ ಫೋನು ಬರಲಿಲ್ಲ.

ಮೂರನೇ ವಾರ ತುಳಸಿದಾಸರು ಫೋನಿನಲ್ಲಿ ಕಳಿಸುವ ಆಮಂತ್ರಣವೂ ಬೇಕು ಎಂದರು. ಆಶಿಷ ತಾವೇ ಮಾಡುತ್ತೇನೆಂದು ಹೊಸ ಪರದೆಯ ಮುಂದೆ ಕೂತರು. ನನ್ನ ಕಾರ್ಡಿನ ಫೈಲನ್ನು ಆರಿಸಿ ಒಂದು ಗುಂಡಿ ಒತ್ತಿದರು. ನಿತೇಶನೂ ನಾನೂ ಅವರ ಹಿಂದೆ ನಿಂತಿದ್ದೆವು.

ಪುಟ ಚೆನ್ನಾಗಿತ್ತು. ನನ್ನದಕ್ಕಿಂತ ಚೆನ್ನಾಗಿತ್ತು. ಆಶಿಷ ಪೆನ್ನಿನಿಂದ ಅದನ್ನು ನಿಧಾನಕ್ಕೆ ಮೇಲೆ ಸರಿಸಿದರು. ದೇವರು, ವಧೂವರರು, ಮುಹೂರ್ತ. ಕೊನೆಗೆ ಆಗಮನಾಭಿಲಾಷಿಗಳು. ನಾನು ಪಟ್ಟಿಯ ಸಾಲುಗಳನ್ನು ಎಣಿಸುತ್ತೇನೆ, ಅದು ನನ್ನ ಅಭ್ಯಾಸ. ಕಾರ್ಡಿನಲ್ಲಿ ಎಂಟು ಇದ್ದವು. ಇಲ್ಲಿ ಒಂಬತ್ತು. ಒಂಬತ್ತನೆಯದು ಗೋದಾವರಿ ಮತ್ತು ಅವಳ ಗಂಡನ ಹೆಸರು.

ಮುಚ್ಚಿದ್ದ ಕಣ್ಣನ್ನು ಅದು ತೆರೆದಿತ್ತು.

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಶಿಷ ಗೋಡೆಯ ಗಡಿಯಾರ ನೋಡಿ, "ಹನ್ನೊಂದು ನಿಮಿಷ! ನೋಡಿದ್ರಾ? ಒಬ್ರು ಧಾರಾಳ ಸಾಕು," ಎಂದರು.

ನನ್ನ ಬಾಯಿ ಮುಚ್ಚಿತು.

"ಕಳಿಸ್ಲಾ?" ಅವರು ಯಾರನ್ನೂ ನೋಡದೆ ಕೇಳಿದರು.

"ಕಳಿಸಿ ಬಾಸ್, ಬರೋಬರಿ ಉಂಟು," ಎಂದ ನಿತೇಶ.

ನಾನು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದೆ. ಅದು ಸ್ವಚ್ಛವಾಗೇ ಇತ್ತು.

ಮಧ್ಯಾಹ್ನ ಇಡೀ ಕಾದೆ. ತುಳಸಿದಾಸರು ನೋಡಿದ ಕೂಡಲೇ ಫೋನು ಮಾಡುತ್ತಾರೆ, ಆಶಿಷರಿಗೆ ಈ ಸಾಫ್ಟ್‌ವೇರಿನ ಮೇಲೆ ನಂಬಿಕೆ ಹೋಗುತ್ತದೆ, ಕಣ್ಣಿಟ್ಟು ನೋಡುವ ಮನುಷ್ಯರೊಬ್ಬರು ಬೇಕೇ ಬೇಕು ಎಂದಾಗುತ್ತದೆ. ಹೀಗೆ ಲೆಕ್ಕ ಹಾಕಿದ್ದೆ. ಫೋನು ಬರಲಿಲ್ಲ. ಅವರು ಕೆಳಗಿನ ತನಕ ನೋಡದೆಯೇ ಎಲ್ಲರಿಗೂ ಕಳಿಸಿದ್ದರು. ಇಂಥದ್ದನ್ನು ಯಾರು ತಾನೇ ಕೆಳಗಿನ ತನಕ ನೋಡುತ್ತಾರೆ, ತನ್ನ ಹೆಸರು ಹುಡುಕುವವರ ಹೊರತು?

ಸಂಜೆ ಬಸ್ಸು ಅಮದಳ್ಳಿ ದಾಟುವಾಗ ನನ್ನ ಫೋನಿಗೇ ಆ ಆಮಂತ್ರಣ ಬಂತು. ಕಮಲಿ ಕಳಿಸಿದ್ದಳು. ಜೊತೆಗೆ ಅವಳ ದನಿಯ ಸಂದೇಶ: "ಕಂಡ್ಯೇನೇ? ಗೋದಾವರಿ ಹೆಸ್ರು ಬಂತು! ಅಣ್ಣ ತಂಗಿ ಒಂದಾದ್ರು ಕಾಣ್ತದೆ. ಅವ್ಳು ಕೇಣಿಯಿಂದ ಇಲ್ಲಿವರೆಗೆ ಎಲ್ಲರಿಗೂ ಕಳ್ಸಿದ್ದಾಳೆ ಮಾರಾಯ್ತಿ, ನಂಗೇ ಮೂರು ಕಡೆಯಿಂದ ಬಂತು."

ಆಗಲೂ ಹೊತ್ತು ಮೀರಿರಲಿಲ್ಲ. ಎಲ್ಲರ ಹತ್ತಿರ ಇದ್ದದ್ದು ಬರೀ ಲಿಂಕು; ಆಶಿಷರಿಗೆ ಫೋನು ಮಾಡಿದ್ದರೆ ಒಂದು ನಿಮಿಷದಲ್ಲಿ ಆ ಸಾಲು ಹೋಗುತ್ತಿತ್ತು. ಫೋನನ್ನು ಕೈಯಲ್ಲೇ ಹಿಡಿದುಕೊಂಡು ಅವರ್ಸೆ ಕಳೆಯಿತು, ಹಟ್ಟಿಕೇರಿ ಕಳೆಯಿತು. ಮನೆಯಲ್ಲಿ ರೋಷನ "ಯಾಕೆ, ಮೈ ಹುಷಾರಿಲ್ವ?" ಎಂದು ಕೇಳಿದರು. "ಸೆಕೆ," ಎಂದೆ.

ಮರುದಿನ ನಾವು ಬಾಗಿಲು ತೆರೆಯುವ ಮೊದಲೇ ತುಳಸಿದಾಸರು ಮೆಟ್ಟಿಲ ಮೇಲೆ ನಿಂತಿದ್ದರು. ಒಳಗೆ ಬಂದವರೇ ಫೋನನ್ನು ಮೇಜಿನ ಮೇಲೆ ಇಟ್ಟರು.

"ಯಾರು ಹಾಕಿದ್ದು ಇದ್ನ?"

"ಕೂತ್ಕೊಳ್ಳಿ ಅಣ್ಣ, ಚಾ ತರಿಸ್ತೆ," ಎಂದರು ಆಶಿಷ.

"ಚಾ ಬೇಡ. ಯಾರು ಹಾಕಿದ್ದು?"

ಆಶಿಷ ಬಗ್ಗಿ ಓದಿದರು. ಅವರ ಕಿವಿ ಕೆಂಪಾಯಿತು. "ಯಾರೂ ಹಾಕ್ಲಿಲ್ಲ ಅಣ್ಣ. ಹೊಸ ಸಾಫ್ಟ್‌ವೇರು. ಅದೇ ತಕ್ಕೊಂಡದೆ."

"ಅದ್ಕೆ ನನ್ನ ತಂಗಿ ಹೆಸ್ರು ಯಾರು ಹೇಳಿದ್ರು? ಮಂಜಗುಣಿಗೆ ಮೀನು ತಕ್ಕೊಳ್ಳೂಕೆ ಬಂದಿತ್ತಾ ಅದು?"

ನಿತೇಶನಿಗೆ ನಗು ಬಂದು ಕೆಮ್ಮಿದ. ಆಶಿಷ ನನ್ನ ಕಡೆ ತಿರುಗಿದರು. ತುಳಸಿದಾಸರೂ ತಿರುಗಿದರು.

"ನನ್ನ ಫೈಲಿನಲ್ಲಿ ಇತ್ತು," ಎಂದೆ. "ನೀವು ತೆಗೀರಿ ಅಂದಿದ್ರಿ. ನಾನು ಕಾಣದ ಹಾಗೆ ಮಾಡಿದ್ದೆ, ತೆಗ್ದಿರ್ಲಿಲ್ಲ."

"ಯಂತಕ್ಕೆ?"

"ನೀವು ಮತ್ತೆ ಫೋನು ಮಾಡ್ಬಹುದು ಹೇಳಿ."

ಅವರು ಬೈಯುತ್ತಾರೆಂದು ಕಾದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ದೊಡ್ಡ ಆಳು, ಅಂಗೈಯಲ್ಲಿ ಹಗ್ಗ ಎಳೆದ ಗೆರೆಗಳು. ಆ ಕೈಯನ್ನೇ ನೋಡಿಕೊಂಡು ಹೇಳಿದರು:

"ನಿನ್ನೆ ಸಂಜಿಗೆ ಬಂದ್ಲು. ಗಂಡನ್ನ ಕರ್ಕೊಂಡು. ಒಳಗೆ ಬರೂಕೆ ಬಾಗ್ಲಲ್ಲಿ ನಿತ್ತು ಕೇಳ್ಲಿಲ್ಲ. ಸೀದಾ ಅಡಿಗೆ ಕೋಣೆಗೆ ಹೋಗಿ ನಂದಿನಿನ್ನ ಅಪ್ಪಿ ಹಿಡ್ಕಂಡು ಅತ್ಲು. 'ಅಣ್ಣ ನನ್ನ ಬಿಟ್ಟಿಲ್ಲ, ಅಣ್ಣ ನನ್ನ ಬಿಟ್ಟಿಲ್ಲ' ಹೇಳಿ. ನಾ ಆಗ್ಲೇ ಫೋನು ತೆಗ್ದು ನೋಡದ್ದು."

"ಮತ್ತೆ ನೀವು..." ಆಶಿಷ ಕೇಳಿದರು.

"ಯಂತ ಹೇಳೂದು? ನಾ ಅಲ್ಲ, ಕಾರವಾರದ ಮೆಷಿನ್ ಕರ್ದದ್ದು ಹೇಳೂದಾ?"

ಆಶಿಷ ಮೇಜಿನ ಮೇಲಿದ್ದ ಫೋನನ್ನು ಅವರ ಕಡೆ ಸರಿಸಿದರು.

"ಒಳ್ಳೇದೇ ಆಯ್ತಲ್ಲ ಅಣ್ಣ," ಎಂದ ನಿತೇಶ, ಮೆಲ್ಲಗೆ.

"ಎಲ್ಲರೂ ಅದೇ ಹೇಳ್ತ್ರು. ನನ್ನ ಹೆಂಡ್ತಿನೂ." ಅವರು ಎದ್ದು ನಿಂತು ನನ್ನ ಕಡೆ ತಿರುಗಿದರು. "ನಾ ಹೋಗ್ತಿದ್ದೆ, ತಂಗೀ. ಎರಡು ಸಲ ಕೇಣಿ ತನಕ ಹೋಗಿ ಗಾಡಿ ತಿರ್ಗಿಸ್ಕಂಡು ಬಂದಿದ್ದೆ. ಮೂರ್ನೇ ಸಲ ಒಳಗೆ ಹೋಗ್ತಿದ್ನೋ ಏನೋ. ಅವ್ಳ ಮನೆ ಬಾಗ್ಲಲ್ಲಿ ನಿತ್ತು ನಾನೇ ಕರೀಬೇಕಿತ್ತು. ಈಗ ಅದು ಹೋಯ್ತು. ಕರೀದೇ ಇದ್ದವ ಕರ್ದವ ಆಗಿ ಕೂತೆ. ಅವ್ಳ ಮುಖ ನೋಡೂಕೆ ಆಗೂದಿಲ್ಲ ನಂಗೆ."

ಆ ಸಾಲು ಹಾಗೇ ಇರಲಿ ಎಂದರು. ಈಗ ತೆಗೆದರೆ ಎರಡನೇ ಸಲ ತೆಗೆದ ಹಾಗೆ. ಇನ್ನೂ ಹಂಚದ ಕಾರ್ಡುಗಳನ್ನು ಹೆಸರು ಸೇರಿಸಿ ಬೇರೆ ಅಚ್ಚು ಮಾಡಿಕೊಡಬೇಕು. ಅದು ನಮ್ಮ ಖರ್ಚೇ ಎಂದು ಆಶಿಷ ಒಪ್ಪಿದರು. ಹೋಗುವಾಗ ಅವರು ನನಗೆ ಹೇಳಿದರು, "ಕೊನೇಲಿ ಬೇಡ. ಸೋದರಮಾವನ ಹೆಸ್ರಿಗಿಂತ ಮೇಲೆ ಹಾಕಿ."

ಅವರ ಗಾಡಿ ಹೋದ ಮೇಲೆ ಆಶಿಷ ಬಹಳ ಹೊತ್ತು ಪೆನ್ನನ್ನು ಬೆರಳುಗಳ ನಡುವೆ ತಿರುಗಿಸುತ್ತ ಕೂತರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದರು.

"ವಿನುತಕ್ಕ, ಒಂದು ಕೇಳ್ತೆ. ನಿನ್ನೆ ನೀವು ನನ್ನ ಹಿಂದೇ ನಿಂತಿದ್ರಿ. ಕಾರ್ಡಿನಲ್ಲಿ ಒಂದು ಚುಕ್ಕಿ ಆಚೀಚೆ ಇದ್ರೂ ಬಾಗ್ಲಿಂದ್ಲೇ ಹೇಳುವವ್ರು ನೀವು. ಇದು ಕಾಣ್ಲಿಲ್ವ?"

ಕಾಣಲಿಲ್ಲ ಎನ್ನಬಹುದಿತ್ತು. ಆದರೆ ಈ ಅಂಗಡಿಯಲ್ಲಿ ನನ್ನದೆಂದು ಇನ್ನು ಉಳಿದದ್ದು ಕಣ್ಣೊಂದೇ. ಅದಕ್ಕೂ ಕಾಣದಿದ್ದರೆ ನನ್ನನ್ನು ಇಟ್ಟುಕೊಳ್ಳಲು ಕಾರಣವೇ ಇಲ್ಲ. ಕಂಡಿತ್ತು ಎಂದರೆ ಕಂಡೂ ಸುಮ್ಮನಿದ್ದವಳು. ಎರಡೂ ಕಡೆ ಒಂದೇ ಗೋಡೆ. ಅದು ಸಣ್ಣ ಹೊತ್ತು. ಆದರೆ ಹೊರಗೆ ರಿಕ್ಷಾ ಒಂದು ಹಿಂದೆ ತೆಗೆಯುವ ಸದ್ದು, ನಿತೇಶನ ಕೀಬೋರ್ಡು ನಿಂತದ್ದು, ಎಲ್ಲವೂ ನನಗೆ ಬೇರೆ ಬೇರೆಯಾಗಿ ಕೇಳಿಸಿತು. ತುಳಸಿದಾಸರ ಕೈ ಇನ್ನೂ ಕಣ್ಣೆದುರಿಗಿತ್ತು.

"ಕಂಡಿತ್ತು, ಸರ್."

"ಕಳಿಸೂ ಮೊದ್ಲು?"

"ಕಳಿಸೂ ಮೊದಲು."

ಅವರು ಸಿಟ್ಟಾಗಲಿಲ್ಲ. ನನ್ನ ಎದುರಿನ ಕುರ್ಚಿಯಲ್ಲಿ ಕೂತು ಮುಖವನ್ನು ಅಂಗೈಯಿಂದ ಒರೆಸಿಕೊಂಡರು. ಅವರಿಗೂ ದಣಿವಾಗಿತ್ತು. ಈ ಪರದೆಗೆ ಅವರು ಮಾಡಿದ ಸಾಲದ ಕಂತು ಮುಂದಿನ ತಿಂಗಳಿಂದ ಶುರು.

"ನಿಮ್ಮನ್ನೇ ಇಟ್ಕೊಳ್ಬೇಕು ಹೇಳಿ ಇತ್ತು ನಂಗೆ. ಅಪ್ಪನೂ ಅದೇ ಹೇಳಿದ್ರು," ಎಂದರು. "ತಪ್ಪಾದ್ರೆ ಹೇಳುವವ್ರು ಒಬ್ರು ಹತ್ರ ಇದ್ದಾರೆ ಹೇಳಿ ಧೈರ್ಯ. ಈಗ ನಾ ಪ್ರತಿ ಸಲ ನಿಮ್ಮ ಮುಖ ನೋಡಿ, ಇವ್ರು ಹೇಳ್ತಾ ಇದ್ದಾರಾ, ಬಿಡ್ತಾ ಇದ್ದಾರಾ ಹೇಳಿ ಅಳೀಬೇಕು. ಅದು ಆಗೂದಿಲ್ಲ ನನ್ನ ಹತ್ರ."

"ಹೌದು," ಎಂದೆ.

"ತಿಂಗ್ಳ ಕೊನೇ ತನಕ ಇರಿ. ಎಲ್ಲಾದ್ರೂ ಕೇಳ್ತೆ ನಾನೂ. ನಿಮ್ಮ ಕೆಲ್ಸದ ಬಗ್ಗೆ ಕೆಟ್ಟದ್ದು ಹೇಳೂದಿಲ್ಲ."

ನಿತೇಶ ತಲೆ ಎತ್ತಲಿಲ್ಲ. ಅವನಿಗೆ ಖುಷಿಯಾಗಿತ್ತು ಎಂದು ನಾನು ಹೇಳುವುದಿಲ್ಲ. ಅವನ ಹೆಗಲು ಮಾತ್ರ ಇಳಿಯಿತು, ಎರಡು ವಾರದಿಂದ ಎತ್ತಿ ಹಿಡಿದಿದ್ದ ಹಾಗೆ.

ನಾನು ಮೊದಲು ತುಳಸಿದಾಸರ ಕಾರ್ಡು ತೆರೆದೆ. ಗೋದಾವರಿಯ ಸಾಲನ್ನು ಮೇಲೆ ಒಯ್ದೆ, ಮಿಕ್ಕವನ್ನು ಕೆಳಗೆ ಸರಿಸಿದೆ, ಒಂಬತ್ತು ಸಾಲು ಕೂರುವಂತೆ ಅಂಚನ್ನು ಒಂದಿಷ್ಟು ಹಿಗ್ಗಿಸಿದೆ. ಪ್ರೂಫ್ ತೆಗೆದು ಮೂರು ಸಲ ಓದಿ ಆಶಿಷರ ಮೇಜಿನ ಮೇಲೆ ಇಟ್ಟೆ. ಆಮೇಲೆ ಹೊಸ ಸಾಫ್ಟ್‌ವೇರಿಗೆ ಆಗಲೇ ಕೊಟ್ಟಿದ್ದ ಫೈಲುಗಳನ್ನು ಅದರೊಳಗೇ ಮೊದಲಿನಿಂದ ತೆರೆಯತೊಡಗಿದೆ. ಆರುನೂರರ ಹತ್ತಿರ ಇದ್ದವು. ಪ್ರತಿಯೊಂದರಲ್ಲೂ 'ಸದ್ಯಕ್ಕೆ ಬೇಡ' ಹುಡುಕಿ ಅಳಿಸಿದೆ. ಅವರ್ಸೆಯ ಮನೆಯ ದೊಡ್ಡಪ್ಪ. ಬೇಲೆಕೇರಿಯ ಅಣ್ಣ ಅತ್ತಿಗೆ. ಎರಡನೇ ಮದುವೆಯ ಹುಡುಗನ ಮೊದಲ ಮಾವ. ಯಾವ ಮನೆಯಲ್ಲಿ ರಾಜಿಯಾಗಿದೆ, ಯಾರು ಈಗ ಬದುಕಿಲ್ಲ ಎಂದು ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ನಿತೇಶ ಚಾ ತಂದು ನನ್ನ ಪಕ್ಕ ಇಟ್ಟ. ಪರದೆ ನೋಡಿದ.

"ಹೋಗುವವ್ಳಿಗೆ ಯಂತಕ್ಕೆ ಇದು, ಅಕ್ಕ? ಬಾಸ್ ಹೇಳಿದ್ರಾ?"

"ಇಲ್ಲ."

"ಮತ್ತೆ?"

"ಅವ್ರೆಲ್ಲ ಇದನ್ನ ನನ್ನ ಹತ್ರ ಹೇಳಿದ್ದು, ನಿತೇಶ. ಸಣ್ಣಕ್ಕೆ. ಅಂಗಡಿ ಹತ್ರ ಹೇಳಿದ್ದಲ್ಲ."

ಅವನಿಗೆ ಅರ್ಥವಾಯಿತೋ ಇಲ್ಲವೋ. ಚಾ ಲೋಟವನ್ನು ನನ್ನ ಕಡೆ ಸರಿಸಿ ತನ್ನ ಜಾಗಕ್ಕೆ ಹೋದ. ನಾನು ಮುಂದಿನ ಫೈಲು ತೆರೆದೆ. ದಿನಕ್ಕೆ ಅರವತ್ತು ಮುಗಿಸಿದರೂ ತಿಂಗಳ ಕೊನೆಯ ತನಕ ಹಿಡಿಯುತ್ತದೆ.